ಯಾರು ಗೆದ್ದರೆಂದು ಬರೆಯದ ಗಾರ್ಡ್ ಸಾಹೇಬರು

ನಾನು ನಿದ್ದೆಯಲ್ಲಿ ಗೊರಕೆ ಹೊಡೆಯುತ್ತೇನೆ ಎಂಬ ಸಂಗತಿ ಕೆನಡಾದ ಒಂದು ಚಿಕ್ಕ ಊರಿನ ಸರ್ಕಾರಿ ದಾಖಲೆಯಲ್ಲಿದೆ. ಎಷ್ಟು ನಿಮಿಷ ಹೊಡೆದೆ ಎಂಬುದೂ ಇದೆ. ಮದುವೆಯಾಗಿ ಹದಿನೆಂಟು ವರ್ಷವಾದರೂ ನನ್ನ ಗಂಡ ಬಾಯಿಬಿಟ್ಟು ಹೇಳಲು ಹೆದರುವ ಈ ಮಾತನ್ನು ದಾಖಲೆಗೆ ಸೇರಿಸಿದ ಪುಣ್ಯಾತ್ಮ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನಾನು ಸ್ವಲ್ಪ ಇಟ್ಟುಕೊಂಡಿದ್ದೇನೆ.

ಹೆಸರು ಬೇಡ. ಅದೇ ಕೆನಡಾದ ಮಿಲ್ಟನ್ ಪಟ್ಟಣದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವರು ಗಾರ್ಡ್ ಸಾಹೇಬರು. ಹುಬ್ಬಳ್ಳಿಯ ಕಡೆ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಹಸಿರು ಬಾವುಟ ಬೀಸುತ್ತಾ ನೌಕರಿ ಮುಗಿಸಿದವರು. ಹೆಂಡತಿ ತೀರಿಕೊಂಡ ಮೇಲೆ, ೨೦೧೫ರ ವಸಂತದಲ್ಲಿ, ಮಗಳು ವಿದ್ಯಾಳ ಮನೆಗೆ ಬಂದರು. ಅವಳದೂ ನಮ್ಮದೂ ಅಂಟಿಕೊಂಡ ಮನೆಗಳು. ನಡುವೆ ಒಂದೇ ಗೋಡೆ, ಅದೂ ಹೆಸರಿಗೆ. ಬೆಳಿಗ್ಗೆ ಐದೂವರೆಗೆ ಅವರು ಆಚೆ ಕಡೆ ಕೆಮ್ಮಿದರೆ ಈಚೆ ಕಡೆ ನಮಗೆ ಅಲಾರಾಂ.

ರೈಲ್ವೆ ಬಿಟ್ಟರೂ ರೈಲ್ವೆಯ ಒಂದು ಚಾಳಿ ಅವರನ್ನು ಬಿಟ್ಟಿರಲಿಲ್ಲ. ಗಾರ್ಡ್ ಆದವನು ಪ್ರತಿ ಪ್ರಯಾಣಕ್ಕೂ ಜರ್ನಲ್ ಬರೆಯಬೇಕಂತೆ. ಗಾಡಿ ಬಿಟ್ಟದ್ದೆಷ್ಟಕ್ಕೆ, ಮುಟ್ಟಿದ್ದೆಷ್ಟಕ್ಕೆ, ನಡುವೆ ಎಲ್ಲಿ ಎಷ್ಟು ನಿಮಿಷ ನಿಂತಿತು, ಯಾಕೆ ನಿಂತಿತು. "ಸುಮ್ನ ನಿಂತಿತ್ತು ಅಂತ ಬರಿಯೂ ಹಂಗಿಲ್ಲ ಬಾಯಾರ," ಎನ್ನುತ್ತಿದ್ದರು. ನಾನು ಮೈಸೂರಿನವಳು, ಅವರಿಗಿಂತ ಮೂವತ್ತು ವರ್ಷ ಚಿಕ್ಕವಳು, ಆದರೂ ಮೊದಲ ದಿನದಿಂದ ಕೊನೆಯ ದಿನದವರೆಗೆ ಬಾಯಾರ, ಅಂದರೆ ಅಮ್ಮಾವ್ರೇ, ಎಂದೇ ಕರೆದರು. "ನಿಂತ ಪ್ರತಿ ನಿಮಿಷಕ್ಕೂ ಒಂದು ಕಾರಣಾ ಇರ್ತೈತಿ. ಹುಡುಕಿ ಬರಿಯೂದು ಗಾರ್ಡಿನ ಧರ್ಮ."

ಈ ಧರ್ಮವನ್ನು ಅವರು ಮಗಳ ಮನೆಯಲ್ಲೂ ಪಾಲಿಸಿದರು. ದಪ್ಪ ನೋಟ್‌ಬುಕ್ಕು, ಕೀಲಿ ಕೊಡುವ ಕೈಗಡಿಯಾರ, ಕಿವಿಯ ಹಿಂದೆ ಪೆನ್ಸಿಲ್ಲು. "ಬೆಳಗಿನ ಚಹಾ, ೧೧ ನಿಮಿಷ ತಡ. ಕಾರಣ: ಅಳಿಯ ಬಚ್ಚಲದಲ್ಲಿ ಫೋನು ನೋಡುತ್ತಾ ಕುಳಿತದ್ದು." ಅಳಿಯ ವಾನ್ ಎಂಬ ಊರಿನ ಗೋದಾಮಿನಲ್ಲಿ ಶಿಫ್ಟು ಮಾಡುವ ಸಾಧು ಪ್ರಾಣಿ. ಒಂದು ದಿನ ಬೇಲಿಯ ಆಚೆಯಿಂದ ನನ್ನ ಹತ್ತಿರ ಅಳುವುದೊಂದು ಬಾಕಿ. "ಅಕ್ಕಾರ, ಮಾವನ್ನ ಐತವಾರ ಎಲ್ಲಿಗರೆ ಕರಕೊಂಡ್ ಹೋಗ್ರಿ. ನನಗ ಸಂಡಾಸಕ್ಕ ಹೋಗಾಕೂ ಅಂಜಿಕಿ ಬರಾಕತ್ತೈತಿ."

ನನಗೇನು ಹಠಾತ್ತನೆ ಕರುಣೆ ಉಕ್ಕಲಿಲ್ಲ. ವಾರವಿಡೀ ಮಿಲ್ಟನ್ನಿನಿಂದ ಮಾರ್ಕಮ್ಮಿನ ಆಫೀಸಿಗೆ ಕಾರು ಓಡಿಸಿ ಓಡಿಸಿ ನನ್ನ ಸೊಂಟ ಸ್ಟೀರಿಂಗಿನ ಆಕಾರಕ್ಕೆ ಬಂದಿತ್ತು. ಆದರೆ ಭಾನುವಾರ ಮನೆಯಲ್ಲಿದ್ದರೆ ಗಂಡ, ಮಗ, ಅತ್ತೆಯ ವಿಡಿಯೋ ಕಾಲು. ಹಾಗಾಗಿ ಒಂದು ಭಾನುವಾರ ಅವರನ್ನು ಹತ್ತಿಸಿಕೊಂಡು ಹೊಲಗಳ ಕಡೆ ಸುಮ್ಮನೆ ಹೊರಟೆ. ಅರ್ಧ ಗಂಟೆ ಹೋದ ಮೇಲೆ ಒಂದು ಚಿಕ್ಕ ಊರು ಸಿಕ್ಕಿತು. ರಸ್ತೆ ಪಕ್ಕ ಹುಲ್ಲಿನ ಮೈದಾನ, ತಗಡಿನ ಮಾಡಿನ ಕೆಳಗೆ ಮರದ ಮೆಟ್ಟಿಲುಸಾಲು, ಅದರ ಮೇಲೆ ಒಂದು ಎಂಬತ್ತು ಜನ, ಏನೂ ನಡೆಯದಿದ್ದರೂ ತಾಳ್ಮೆಯಿಂದ ಕುಳಿತಿದ್ದರು. ಸಾಹೇಬರು ಕಾರು ನಿಲ್ಲಿಸಲು ಹೇಳಿದರು.

"ಇವ್ರು ಯಾವ ಗಾಡಿಗೆ ಕಾಯಾಕತ್ತಾರ?"

ಬೇಸ್‌ಬಾಲ್ ಎಂದೆ. ನನಗೂ ಅಷ್ಟೇ ಗೊತ್ತಿದ್ದದ್ದು. ಒಳಗೆ ಹೋಗಿ ಕುಳಿತೆವು. ಹತ್ತು ನಿಮಿಷದಲ್ಲಿ ನಾನು ನಿದ್ದೆ ಹೋದೆ. ಏನು ನಿದ್ದೆ ಅಂತೀರಿ! ಮನೆಯಲ್ಲಿ ಭಾನುವಾರ ಮಧ್ಯಾಹ್ನ ಮಲಗಿದರೆ ಸೋಮಾರಿ, ಮುದುಕರನ್ನು ಆಟಕ್ಕೆ ಕರೆದುಕೊಂಡು ಹೋಗಿ ಅಲ್ಲಿ ಮಲಗಿದರೆ ಸಮಾಜಸೇವೆ. ಎಚ್ಚರವಾದಾಗ ಸಾಹೇಬರು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿಸಿದ್ದರು.

"ಇದು ಆಟ ಅಲ್ಲ ಬಾಯಾರ, ಲೂಪ್ ಲೈನು. ನಾಕ್ ಸ್ಟೇಷನ್ನು. ಹೊಂಟ ಸ್ಟೇಷನ್ನಿಗೇ ಬಂದು ಮುಟ್ಟಬೇಕು. ಪಾಪ, ಭಾಳ ಮಂದಿ ನಡುವಿನ ಸ್ಟೇಷನ್ನಿನ್ಯಾಗ ಉಳದ್ ಬಿಡ್ತಾರ." ಬೇಸ್‌ಬಾಲನ್ನು ಇಷ್ಟು ಸರಳವಾಗಿ ಇದುವರೆಗೂ ಯಾರೂ ನನಗೆ ತಿಳಿಸಿಲ್ಲ. "ಯಾರು ಗೆದ್ದರು?" ಎಂದೆ. ಅವರು ತಬ್ಬಿಬ್ಬಾದರು. ಅದನ್ನು ನೋಡಿರಲೇ ಇಲ್ಲ.

ತಂಡದ ಹೆಸರು ಬ್ರಿಕ್ಕರ್ಸ್. ಊರಿನಲ್ಲಿ ಒಂದು ಕಾಲಕ್ಕೆ ದೊಡ್ಡ ಇಟ್ಟಿಗೆ ಕಾರ್ಖಾನೆ ಇತ್ತಂತೆ, ಅದರ ಕೂಲಿಗಳೇ ಕಟ್ಟಿದ ತಂಡ. ಸಾಹೇಬರ ಬಾಯಲ್ಲಿ ಅವರು "ನಮ್ಮ ಇಟ್ಟಂಗಿ ಮಂದಿ" ಆದರು. ಮುಂದಿನ ಭಾನುವಾರವೂ ಹೋದೆವು, ಅದರ ಮುಂದಿನದಕ್ಕೂ. ಅಂಗಿ ಇಸ್ತ್ರಿ, ತಲೆಗೆ ಎಣ್ಣೆ, ಡಬ್ಬಿಯಲ್ಲಿ ಗಿರ್ಮಿಟ್. ಆಟ ಶುರುವಾಗುವ ಹೊತ್ತಿಗೆ ಎದ್ದು ನಿಂತು ಹಸಿರು ಕರ್ಚೀಫು ಬೀಸುತ್ತಿದ್ದರು. ಮೊದಮೊದಲು ಜನ ನಕ್ಕರು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಅಂಪೈರು ಅವರ ಕಡೆ ಒಮ್ಮೆ ತಿರುಗಿ ನೋಡಿಯೇ ಆಟ ಬಿಡುತ್ತಿದ್ದ.

ಅಲ್ಲಿನ ಸರ್ವಾಧಿಕಾರಿ ಡೋರೀನ್ ಎಂಬ ಎಪ್ಪತ್ತರ ಹೆಂಗಸು. ಟಿಕೆಟ್ಟು ಹರಿಯುವವಳು, ಹಾಟ್‌ಡಾಗು ಬೇಯಿಸುವವಳು, ಮೈಕಿನಲ್ಲಿ ಕೂಗುವವಳು, ಸ್ಕೋರು ಬರೆಯುವವಳು ಎಲ್ಲ ಅವಳೇ. ಗಿರ್ಮಿಟ್ ಒಮ್ಮೆ ಬಾಯಿಗಿಟ್ಟವಳು ಆಮೇಲೆ ನಮ್ಮ ಟಿಕೆಟ್ಟು ಹರಿಯಲಿಲ್ಲ. ಮಂಡಕ್ಕಿಯ ಮೇಲಿನ ಹಸಿ ಈರುಳ್ಳಿ ಉದುರಿಸುತ್ತಾ, ತನ್ನ ತಂಡದ ಚರಿತ್ರೆ ಹೇಳುತ್ತಿದ್ದಳು. ನಾನು ನಡುವೆ ದುಭಾಷಿ.

ಸಾಹೇಬರು ಕೇಳುತ್ತಿದ್ದ ಪ್ರಶ್ನೆ ಎಲ್ಲರಿಗೂ ವಿಚಿತ್ರ. ಕಪ್ಪು ಎಷ್ಟು ಗೆದ್ದಿರಿ, ಹೆಸರಾಂತ ಆಟಗಾರ ಯಾರು, ಇದ್ಯಾವುದೂ ಬೇಡ. "ಈ ತಂಡ ಯಾವಾಗರೆ ನಿಂತಿತ್ತೇನು? ಯಾಕ?" ಮೆಟ್ಟಿಲುಸಾಲಿನ ಒಬ್ಬೊಬ್ಬ ಮುದುಕ ಮುದುಕಿಯ ಪಕ್ಕ ಕುಳಿತು ಇದನ್ನೇ ಕೇಳಿದರು. ಯುದ್ಧ ಬಂದಾಗ ಗಂಡಸರೆಲ್ಲ ಹೋದರು, ಆ ಬೇಸಿಗೆಗಳಲ್ಲಿ ಹೆಂಗಸರು ಆಡಿದರು, ಡೋರೀನಳ ತಾಯಿ ಚೆಂಡು ಎಸೆದಳು. ಕಾರ್ಖಾನೆಯಲ್ಲಿ ಮುಷ್ಕರವಾದಾಗ ಕೂಲಿಗಳ ಕಡೆ ಒಂಬತ್ತು ಜನ, ಮಾಲೀಕರ ಕಡೆ ಒಂಬತ್ತು ಜನ ಆಡಿ, ಆಟ ಮುಗಿದ ಮೇಲೆ ಮತ್ತೆ ಜಗಳ ಮುಂದುವರಿಸಿದರು. ಕಾರ್ಖಾನೆಯೇ ಮುಚ್ಚಿದ ವರ್ಷ ಆಡುವವರು ಏಳೇ ಜನ ಉಳಿದು, ಅಂಚೆಯವನನ್ನೂ ಪಾದ್ರಿಯನ್ನೂ ಸೇರಿಸಿಕೊಂಡರು. ಬೇಸಿಗೆಗೊಂದು ಪುಟದಂತೆ ಸಾಹೇಬರು ಕನ್ನಡದಲ್ಲಿ ಬರೆದುಕೊಂಡರು. ಒಂದು ಬೇಸಿಗೆಯೂ ಖಾಲಿ ಇರಲಿಲ್ಲ.

"ಅಜ್ಜಾ, ಇಟ್ಸ್ ಜಸ್ಟ್ ಎ ಗೇಮ್," ಎಂದಳು ಒಮ್ಮೆ ನಮ್ಮ ಜೊತೆ ಬಂದಿದ್ದ ಮೊಮ್ಮಗಳು, ವಿದ್ಯಾಳ ಮಗಳು.

"ಹೌದವಾ. ಆದ್ರ ಟೈಮಿಗೆ ಬಿಡಬೇಕಲ್ಲಾ," ಎಂದರು ಸಾಹೇಬರು.

ಒಂದು ಬೇಸಿಗೆಯೂ ಖಾಲಿ ಇರದಿರಲು ಬಲವಾದ ಕಾರಣವಿತ್ತು. ಮೈದಾನ ಕಾರ್ಖಾನೆಯ ಯಜಮಾನ ಊರಿಗೆ ಬಿಟ್ಟುಕೊಟ್ಟ ಜಾಗ. ದಾನಪತ್ರದಲ್ಲಿ ಆ ಘಾಟಿ ಮುದುಕ ಒಂದು ಷರತ್ತು ಹಾಕಿದ್ದ: ಪ್ರತಿ ಬೇಸಿಗೆ ಅಲ್ಲಿ ಒಂದಾದರೂ ಆಟ ಪೂರ್ತಿ ನಡೆಯಬೇಕು, ಒಂದು ಬೇಸಿಗೆ ತಪ್ಪಿದರೂ ಜಾಗ ಮನೆತನಕ್ಕೆ ವಾಪಸ್ಸು. ಡೋರೀನ್ ಇದನ್ನು ಹನುಮಾನ್ ಚಾಲೀಸಾದಂತೆ ಬಾಯಿಪಾಠ ಹೇಳುತ್ತಿದ್ದಳು. ೨೦೧೬ರಲ್ಲಿ ದೀಪದ ಕಂಬಗಳನ್ನೂ ಶೌಚಾಲಯವನ್ನೂ ಕಿತ್ತು ಹೊಸದು ಹಾಕುವ ಕೆಲಸ ಹಿಡಿದರು. ತಂಡದ ಆಟಗಳೆಲ್ಲ ಬೇರೆ ಊರಿಗೆ ಹೋದವು. ಡೋರೀನ್ ಷರತ್ತಿಗೆ ಹೆದರಿ, ಪಕ್ಕದೂರಿನ ತಂಡವನ್ನು ಕರೆಸಿ, ಒಂದು ಭಾನುವಾರ ಮಧ್ಯಾಹ್ನ ಒಂದು ಸ್ನೇಹದ ಆಟ ಆಡಿಸಿದಳು. ಬಂದವರು ಮೂವತ್ತು ಚಿಲ್ಲರೆ ಜನ. ನಡುವೆ ಮಳೆ ಹೊಡೆಯಿತು. ನಾವೂ ಇದ್ದೆವು. ನಾನು ಇದ್ದೆ ಎಂದರೆ ನನ್ನ ದೇಹ ಇತ್ತು.

ಮರುವರ್ಷ ಡೋರೀನಳ ಬೇಸ್‌ಮೆಂಟಿಗೆ ನೀರು ನುಗ್ಗಿ, ಅಲ್ಲಿಟ್ಟಿದ್ದ ಸ್ಕೋರುಪುಸ್ತಕಗಳೆಲ್ಲ ನೆಂದು ಮುದ್ದೆಯಾದವು. ಸುದ್ದಿ ಎಲ್ಲಿಂದ ಎಲ್ಲಿಗೆ ಹೋಯಿತೋ, ೨೦೧೮ರಲ್ಲಿ ಯಜಮಾನನ ಮರಿಮಕ್ಕಳು ವಕೀಲನನ್ನು ಕರೆತಂದರು. ಸುತ್ತಲೂ ಹೊಸ ಮನೆಗಳು ಅಣಬೆಯಂತೆ ಏಳುತ್ತಿದ್ದವು, ಆ ಹುಲ್ಲಿನ ಮೇಲೆ ಬಿಲ್ಡರನ ಕಣ್ಣು ಬಿದ್ದಿತ್ತು. ಅವರ ವಾದ ಇಷ್ಟು: ೨೦೧೬ರ ಆ ಆಟ ಮಳೆಯಿಂದ ಅರ್ಧಕ್ಕೇ ನಿಂತಿತು, ಪೂರ್ತಿ ಆಗಲೇ ಇಲ್ಲ, ಆದ್ದರಿಂದ ಜಾಗ ನಮ್ಮದು. ಆಟಗಾರರು ಮುಗಿಸಿದೆವು ಎಂದರೆ, ನೀವು ತಂಡದವರು, ಹಾಗೆ ಹೇಳದೆ ಇನ್ನೇನು ಹೇಳುತ್ತೀರಿ ಎಂದರು. ಡೋರೀನಳ ಫೋನಿನ ಚಿತ್ರಗಳಲ್ಲಿ ಮಳೆ ಮಾತ್ರ ಚೆನ್ನಾಗಿ ಬಂದಿತ್ತು.

ಅವಳು ಒಂದು ಸಂಜೆ ನಮ್ಮ ಮನೆಗೇ ಬಂದಳು, ಸಾಹೇಬರನ್ನೂ ಕರೆಸಿದೆ. ಚಹಾ ಮುಟ್ಟಲಿಲ್ಲ. "ನನ್ನ ತಾಯಿ ಚೆಂಡು ಎಸೆದ ಜಾಗ. ಅದರ ಮೇಲೆ ಯಾರದೋ ಗ್ಯಾರೇಜು ಬರುತ್ತದೆ," ಎಂದವಳು ಸಾಹೇಬರ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಆಕೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಹೇಬರು ಎದ್ದು ಹೋಗಿ ನೋಟ್‌ಬುಕ್ಕು ತಂದು ಮೇಜಿನ ಮೇಲಿಟ್ಟರು.

"ಬರದೀನಲ್ಲಾ. ಆಟ ಮುಟ್ಟಿದ್ದು ಐದು ನಲವತ್ತೊಂದಕ್ಕ. ಓದಿ ಹೇಳ್ರಿ ಬಾಯಾರ."

ನಾನು ಆ ದಿನದ ಪುಟ ತೆರೆದು ಓದಿದೆ. ಅದರಲ್ಲಿ ನನ್ನ ಗೊರಕೆಯೂ ಇತ್ತು.

ವಿಚಾರಣೆ ಊರಿನ ಕಚೇರಿಯಲ್ಲಿ. ಐದು ಜನರ ಸಮಿತಿ, ಎದುರಿಗೆ ಅರ್ಧ ಊರು. ಸಾಹೇಬರು ಕರೀ ಕೋಟು ತೊಟ್ಟು ಬಂದಿದ್ದರು. ಪಕ್ಕದಲ್ಲಿ ಅನುವಾದಕ್ಕೆ ನಾನು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆಂದು ನನ್ನಿಂದಲೂ ಪ್ರಮಾಣ ಮಾಡಿಸಿದರು. ಆಮೇಲೆ ತಲೆಯೆತ್ತಿ ಸಮಿತಿಯ ಅಧ್ಯಕ್ಷರನ್ನು ನೋಡಿದೆ. ದೊಡ್ಡ ದೇಹ, ಕೆಂಪು ಮುಖ, ಮೇಜಿನ ಮೇಲೆ ಅವರ ಬಿಳಿ ಟೊಪ್ಪಿಗೆ. ಆ ಟೊಪ್ಪಿಗೆಯನ್ನು ನಾನು ನೋಟ್‌ಬುಕ್ಕಿನಲ್ಲಿ ಓದಿದ್ದೆ. ಅಯ್ಯೋ ದೇವರೇ, ಅವರೇ ಇವರು!

ವಕೀಲ ಮೊದಲು ಎದ್ದ. "ಆ ದಿನ ಗೆದ್ದವರು ಯಾರು?"

"ಗೊತ್ತಿಲ್ಲರಿ," ಎಂದರು ಸಾಹೇಬರು.

"ಮೂರು ವರ್ಷ ಕೂತು ನೋಡಿದ್ದೀರಿ. ಒಂದು ಆಟದಲ್ಲಾದರೂ ಗೆದ್ದವರು ಯಾರೆಂದು ಬರೆದಿದ್ದೀರಾ?"

"ಇಲ್ಲರಿ. ಗಾಡ್ಯಾಗ ಯಾರು ಲಗ್ನಕ್ಕ ಹೊಂಟಾರ, ಯಾರು ಮಣ್ಣಿಗೆ ಹೊಂಟಾರ, ಗಾರ್ಡ್ ಕೇಳಂಗಿಲ್ಲ. ಬಿಟ್ಟದ್ದು, ನಿಂತದ್ದು, ಮುಟ್ಟಿದ್ದು. ಇಷ್ಟ ನಮ್ಮ ಕೆಲಸ."

ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಸಭೆ ನಕ್ಕಿತು. ವಕೀಲ ಎರಡೂ ಕೈ ಚಾಚಿ, ಆಟವನ್ನೇ ನೋಡದ ಮನುಷ್ಯನ ಲೆಕ್ಕ ಯಾರಿಗೆ ಬೇಕು ಎನ್ನುವಂತೆ ಸಮಿತಿಯ ಕಡೆ ನೋಡಿದ. ಡೋರೀನ್ ಕಣ್ಣು ಮುಚ್ಚಿಕೊಂಡಳು. ಓದಿ ಎಂದರು ಅಧ್ಯಕ್ಷರು. ನಾನು ಸಾಲು ಕನ್ನಡದಲ್ಲಿ ಓದುವುದು, ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು.

"೨.೦೫, ಆಟ ಬಿಟ್ಟಿತು. ೫ ನಿಮಿಷ ತಡ. ಕಾರಣ: ರಾಷ್ಟ್ರಗೀತೆಯ ಟೇಪು ಸಿಕ್ಕಿಹಾಕಿಕೊಂಡದ್ದು. ಡೋರೀನ್ ಬಾಯಾರು ತಾವೇ ಹಾಡಿದರು, ಅದಕ್ಕೇ ಇನ್ನಷ್ಟು ತಡ.

"೨.೪೮, ಚೆಂಡು ಪೊದೆಯೊಳಗೆ. ೩ ನಿಮಿಷ. ಕಾರಣ: ನಾಯಿ ಕೊಡಲೊಲ್ಲದು.

"೩.೨೦, ಮಳೆ. ೫೫ ನಿಮಿಷ. ಮಂದಿ ೩೧ ಇದ್ದದ್ದು ೧೨ ಉಳಿಯಿತು."

ಮುಂದಿನ ಸಾಲು ನನ್ನದು. ಬಿಟ್ಟುಬಿಡೋಣ ಎನಿಸಿತು. ಪ್ರಮಾಣ ಮಾಡಿದ್ದೆನಲ್ಲ, ಕಣ್ಣು ಮುಚ್ಚಿ ಓದಿದೆ. "ಪಕ್ಕದ ಮನೆಯ ಬಾಯಾರು ಮಳೆಯ ಸಪ್ಪಳಕ್ಕೂ ಏಳಲಿಲ್ಲ. ಗೊರಕೆ ೪೦ ನಿಮಿಷ. ಕಾರಣ:" ಸಭೆ ಗೊಳ್ಳೆಂದು ನಗುತ್ತಿತ್ತು. ನಗು ನಿಲ್ಲುವವರೆಗೆ ಕಾದೆ. "ಕಾರಣ: ವಾರವೆಲ್ಲ ದುಡಿಮೆ. ಎಬ್ಬಿಸಲಿಲ್ಲ."

ಮನೆಯಲ್ಲಿ ನಾನು ಸೋಫಾದ ಮೇಲೆ ಕಣ್ಣು ಮುಚ್ಚಿದರೆ ನಿಮಿಷ ಎಣಿಸುವವರು ಇದ್ದರು. ಕಾರಣ ಬರೆದವರು ಇವರೊಬ್ಬರೇ.

"೪.೧೫, ಆಟ ಮತ್ತೆ ಬಿಟ್ಟಿತು," ಎಂದು ಓದಿ, ನಡುವಿನ ಒಂದು ಸಾಲನ್ನು ಹಾರಿ, "೫.೪೧, ಒಂಬತ್ತೂ ಸರದಿ ಮುಗಿದು ಆಟ ಮುಟ್ಟಿತು," ಎಂದು ಪುಸ್ತಕ ಮುಚ್ಚಲು ಹೋದೆ. ಅಧ್ಯಕ್ಷರ ಮುಖ ನೋಡುತ್ತಾ ಆ ಸಾಲು ಓದುವ ಧೈರ್ಯ ನನಗಿರಲಿಲ್ಲ. ತೀರ್ಪು ಕೊಡುವವರನ್ನು ಎದುರು ಹಾಕಿಕೊಂಡರೆ ಮೈದಾನದ ಗತಿ?

ಸಾಹೇಬರು ಪುಟದ ಮೇಲೆ ಬೆರಳಿಟ್ಟರು. "ಒಂದ್ ಸಾಲು ಬಿಟ್ರಲ್ರೀ ಬಾಯಾರ."

"ಬೇಡ ಸಾಹೇಬ್ರೇ, ಸುಮ್ನಿರಿ. ಕೆಲಸ ಕೆಟ್ಟುಹೋಗತ್ತೆ," ಎಂದು ಪಿಸುಗುಟ್ಟಿದೆ.

"ಆರು ನಿಮಿಷ ಗಾಡಿ ನಿಂತೈತಿ. ಕಾರಣಾ ಹೇಳಲಿಲ್ಲಂದ್ರ ಇಡೀ ಜರ್ನಲ್ಲೇ ಸುಳ್ಳಾಗ್ತೈತಿ. ಓದ್ರಿ."

ಸಾಲು ಬಿಟ್ಟದ್ದು ವಕೀಲನಿಗೂ ಗೊತ್ತಾಯಿತು. ಪೂರ್ತಿ ಓದಲೇಬೇಕು ಎಂದು ಅವನೇ ಹಠ ಹಿಡಿದ. ಸರಿಯಪ್ಪ, ನಿನ್ನ ಕರ್ಮ ಎಂದುಕೊಂಡು ಓದಿದೆ.

"೫.೨೨, ಒಂಬತ್ತನೇ ಸರದಿ. ಚೆಂಡು ಶೆಡ್ಡಿನ ಹಿಂದೆ ಹೋಯಿತು. ತರಲು ಹೋದ ಆಟಗಾರ ನಾಚಿ ವಾಪಸು ಬಂದ. ೬ ನಿಮಿಷ. ಕಾರಣ: ಶೌಚಾಲಯ ರಿಪೇರಿ ಇದ್ದದ್ದರಿಂದ ಬಿಳಿ ಟೊಪ್ಪಿಗೆಯ ಧಡೂತಿ ಗೃಹಸ್ಥರೊಬ್ಬರು ಅಲ್ಲಿ ಮೂತ್ರಕ್ಕೆ ನಿಂತಿದ್ದರು. ಅವರದು ಮುಗಿಯುವವರೆಗೆ ಆಟ ತಡೆಯಲಾಯಿತು."

ಎಲ್ಲರ ಕಣ್ಣೂ ನಿಧಾನಕ್ಕೆ ಮೇಜಿನ ಮೇಲಿನ ಟೊಪ್ಪಿಗೆಗೆ ಹೋದವು, ಅಲ್ಲಿಂದ ಅದರ ಯಜಮಾನರಿಗೆ. ಅಧ್ಯಕ್ಷರ ಕೆಂಪು ಮುಖ ಬೀಟ್‌ರೂಟಾಯಿತು. ಆಮೇಲೆ ಮೇಜು ಗುದ್ದಿ ಗುಡುಗಿದರು:

"ಆರು ನಿಮಿಷ ಅಲ್ಲವೇ ಅಲ್ಲ! ಹೆಚ್ಚೆಂದರೆ ಎರಡು!"

ನಾನು ಅನುವಾದಿಸುವ ಮೊದಲೇ ಸಾಹೇಬರಿಗೆ ಅರ್ಥವಾಗಿತ್ತು. ಕೈಗಡಿಯಾರ ಬಿಚ್ಚಿ ಎತ್ತಿ ಹಿಡಿದರು. "ಆರಽ ರೀ. ಇದು ರೈಲ್ವೇ ಟೈಮು."

ಆ ನಗುವಿಗೆ ಕಚೇರಿಯ ಮಾಡು ಹಾರಿಹೋಗದೆ ಉಳಿದದ್ದೇ ಹೆಚ್ಚು. ಅಧ್ಯಕ್ಷರೂ ಕೊನೆಗೆ ನಕ್ಕರು. ಪಕ್ಕದೂರಿನ ತಂಡದಲ್ಲಿದ್ದ ತಮ್ಮ ಅಳಿಯನ ಆಟ ನೋಡಲು ಬಂದಿದ್ದರಂತೆ, ಚೆಂಡು ತಮ್ಮ ಬೂಟಿಗೇ ಬಂದು ಬಡಿಯಿತಂತೆ, ಎರಡು ವರ್ಷದ ಹಿಂದಿನದು, ಯಾವ ಆಟವೆಂಬುದೇ ಮರೆತಿತ್ತಂತೆ. ಒಂಬತ್ತನೇ ಸರದಿ ನಡೆದದ್ದಕ್ಕೆ ತಾನೇ ಸಾಕ್ಷಿ, ಸಾಕ್ಷಿಯಾದವನು ಮತ ಹಾಕುವಂತಿಲ್ಲ ಎಂದು ಎದ್ದು, ಟೊಪ್ಪಿಗೆ ಹಿಡಿದುಕೊಂಡು ಜನರ ನಡುವೆ ಬಂದು ಕುಳಿತರು. ಉಳಿದ ನಾಲ್ವರೂ ಮೈದಾನ ಊರಿನದೇ ಎಂದರು. ಸಾಲು ಓದಿಸಿದ ವಕೀಲ ಕಾಗದ ಜೋಡಿಸಿಕೊಂಡು ಯಾರ ಕಡೆಯೂ ನೋಡದೆ ಹೋದ. ಡೋರೀನ್ ಸಾಹೇಬರನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟಳು. ಹುಬ್ಬಳ್ಳಿಯ ಆ ಗೃಹಸ್ಥರು ಕೈ ಎಲ್ಲಿಡಬೇಕೆಂದು ತಿಳಿಯದೆ ಮೇಲೆತ್ತಿ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಕಾರಿನಲ್ಲಿ ಕೇಳಿದೆ. "ಅಧ್ಯಕ್ಷರು ಅವ್ರೇ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಟೊಪ್ಪಿಗಿ ಗುರ್ತ ಸಿಕ್ಕಿತ್ತು," ಎಂದರು, ಕಿಟಕಿಯ ಆಚೆ ನೋಡುತ್ತಾ. "ಮುತ್ತಿನದೇನು ಬರೀಲಿ? ಮೂರು ಸೆಕೆಂಡು. ಕಾರಣಾ ಗೊತ್ತಿಲ್ಲ." ಮನೆ ಮುಟ್ಟುವವರೆಗೂ ಮೀಸೆಯಡಿ ನಗುತ್ತಿದ್ದರು.

ಈ ವರ್ಷ ಜನವರಿಯ ಒಂದು ಬೆಳಿಗ್ಗೆ ಐದೂವರೆಗೆ ಗೋಡೆಯಾಚೆ ಕೆಮ್ಮು ಕೇಳಲಿಲ್ಲ. ಆರೂಕಾಲಿಗೆ ವಿದ್ಯಾ ಬಾಗಿಲು ಬಡಿದಳು. ನಿದ್ದೆಯಲ್ಲೇ ಹೋಗಿದ್ದರು. ನಾನು ಅತ್ತೆ, ಕಾರಿನಲ್ಲಿ ಒಬ್ಬಳೇ, ಮಾರ್ಕಮ್ಮಿನವರೆಗೂ ಅತ್ತೆ. ಹದಿಮೂರನೆಯ ದಿನ ಮುಗಿದ ಮೇಲೆ ವಿದ್ಯಾ ಗಡಿಯಾರವನ್ನು ಮಗಳಿಗೆ ಕೊಟ್ಟು, ನೋಟ್‌ಬುಕ್ಕುಗಳನ್ನು ನನ್ನ ಕೈಗೆ ಹಾಕಿದಳು. "ನಿಮ್ಮ ಹೆಸ್ರು ಭಾಳ ಕಡೆ ಐತಿ ಅಕ್ಕಾರ," ಎಂದಳು. ಐತಿ, ನನಗೆ ಗೊತ್ತು. ಡೋರೀನ್ ಅದನ್ನೆಲ್ಲ ಇಂಗ್ಲಿಷಿನಲ್ಲಿ ತಂಡದ ಚರಿತ್ರೆಯಾಗಿ ಅಚ್ಚು ಹಾಕಿಸಬೇಕೆಂದಿದ್ದಾಳೆ. ಗೆದ್ದವರ ಪಟ್ಟಿ ಸೇರಿಸೋಣವೇ ಎಂದಳು. ಬೇಡ ಎಂದೆ.

ಈ ಮೇ ತಿಂಗಳಲ್ಲಿ ಮೊದಲ ಆಟಕ್ಕೆ ಹೋದೆ. ಮೊಮ್ಮಗಳು ಜೊತೆಗೆ ಬಂದಳು, ಕೈಯಲ್ಲಿ ಆ ಸಡಿಲ ಗಡಿಯಾರ. ಡೋರೀನ್ ಮೈಕಿನಲ್ಲಿ ಸಾಹೇಬರ ಹೆಸರನ್ನು ತಪ್ಪುತಪ್ಪಾಗಿ, ಪ್ರೀತಿಯಿಂದ ಹೇಳಿ, ಅವರ ನೆನಪಿಗೆ ಒಂದು ನಿಮಿಷ ಮೌನ ಎಂದಳು. ಎರಡೂ ತಂಡಗಳು ಟೋಪಿ ತೆಗೆದು ನಿಂತವು. ಬಿಳಿ ಟೊಪ್ಪಿಗೆಯ ಧಡೂತಿ ಗೃಹಸ್ಥರೂ ತೆಗೆದರು. ಎಲ್ಲೋ ನಾಯಿ ಬೊಗಳಿತು. ಡೋರೀನ್ ಮೂಗು ಒರೆಸಿಕೊಂಡು "ಥ್ಯಾಂಕ್ಯೂ" ಎಂದಳು, ಜನ ಕುಳಿತರು, ಅಂಪೈರು ಕೈ ಎತ್ತಿದ.

ಮೊಮ್ಮಗಳು ನನ್ನ ತೋಳು ಜಗ್ಗಿದಳು. "ಆಂಟೀ, ದಟ್ ವಾಸ್ ಓನ್ಲಿ ಫಾರ್ಟಿ ಸೆಕೆಂಡ್ಸ್."

ನಾನು ಎದ್ದು ನಿಂತೆ. ಆ ಮೆಟ್ಟಿಲುಸಾಲಿನಲ್ಲಿ ಎಚ್ಚರವಾಗಿ ಎದ್ದು ನಿಂತದ್ದೇ ಅಪರೂಪ. "ಇನ್ನೂ ಇಪ್ಪತ್ತು ಸೆಕೆಂಡು ಬಾಕಿ ಇದೆ!" ಎಂದು ಇಂಗ್ಲಿಷಿನಲ್ಲಿ ಕಿರುಚಿದೆ. ಒಂದು ಕ್ಷಣ ಎಲ್ಲರೂ ತಿರುಗಿ ನೋಡಿದರು. ಆಮೇಲೆ ಯಾರೋ ನಕ್ಕರು, ಎಲ್ಲರೂ ನಕ್ಕರು, ನಗುತ್ತಲೇ ಎದ್ದರು, ಟೋಪಿಗಳು ಮತ್ತೆ ಇಳಿದವು. ಇಪ್ಪತ್ತು ಸೆಕೆಂಡು ಪೂರ್ತಿ ನಿಂತೆವು. ಮೊಮ್ಮಗಳು ಹಸಿರು ಕರ್ಚೀಫು ಬೀಸಿದಳು. ಅಂಪೈರು ಅದನ್ನು ನೋಡಿಯೇ ಆಟ ಬಿಟ್ಟ.

ನಾನು ಕುಳಿತು ಹೊಸ ಪುಟ ತೆರೆದು ಬರೆದೆ: "೨.೦೦, ಆಟ ನಿಂತಿತು. ೧ ನಿಮಿಷ. ಕಾರಣ: ನಮ್ಮ ಗಾರ್ಡ್ ಸಾಹೇಬರು."